ಕೇಣಿಯ ಪಟ್ಟಿಯಲ್ಲಿ ಕುಸುಮಾ ಇಲ್ಲ

ಸೊಸೆಯ ಹೆಸರು ಪಟ್ಟಿಯಲ್ಲಿಲ್ಲ ಎಂಬುದನ್ನು ಮೊದಲು ಕಂಡವನು ಬಾಳಾ. ದೋಣಿ ಬಿಟ್ಟು ಐದು ವರ್ಷವಾದ ಮೇಲೆ ಈ ಮುದುಕನಿಗೆ ಬೆಳಗಿನ ಕೆಲಸವೆಂದರೆ ಎರಡೇ. ಚಾ ಅಂಗಡಿಯಲ್ಲಿ ಕೂತು ಯಾರ ಬಲೆಗೆ ಎಷ್ಟು ತಾರ್ಲೆ ಬಿತ್ತು ಎಂದು ವಿಚಾರಿಸುವುದು, ವಾಪಸು ಬರುವಾಗ ಶಾಲೆಯ ಗೋಡೆಗೆ ಅಂಟಿಸಿದ್ದನ್ನೆಲ್ಲ ಬೆರಳಿಟ್ಟು ಓದುವುದು. ಆವತ್ತು ಹೊಸ ಮತದಾರರ ಪಟ್ಟಿಯ ಕರಡು ಅಂಟಿಸಿದ್ದರು. ಬಾಳಾನಿಗೆ ತನ್ನ ಹೆಸರು ಸಿಕ್ಕಿತು. ಹೆಂಡತಿ ಸೋಮಿಯದು ಸಿಕ್ಕಿತು. ದೊಡ್ಡ ಮಗ ಮಂಗೇಶ, ಸಣ್ಣ ಮಗ ನಿತೇಶ, ಇಬ್ಬರೂ ಇದ್ದರು. ಸೊಸೆ ಇರಬೇಕಾದ ಜಾಗದಲ್ಲಿ ಪಕ್ಕದ ಮನೆಯ ಮುದುಕಿ ಇದ್ದಳು. ಅವಳು ತೀರಿಕೊಂಡು ಎರಡು ತಿಂಗಳಾಗಿತ್ತು.

ಮನೆಗೆ ಬಂದವನು ಅಂಗಳದಲ್ಲೇ ನಿಂತು ಕೂಗಿದ.

"ಏ ಕುಸ್ಮಾ, ನೀ ಎಲ್ಲಿಗೆ ಹೋದ್ಯೆ?"

"ಇಲ್ಲೇ ಇದ್ದೆ ಮಾವ. ಬಂಗ್ಡೆ ಕೊಯ್ತೆ."

"ಇಲ್ಲಿಲ್ಲ ನೀನು. ಶಾಲೆ ಗೋಡೆ ಮೇಲೆ ನಾವು ನಾಕೂ ಜನ ಇದ್ದೋ. ಸತ್ತವ್ರೂ ಇದ್ದರು. ನೀ ಒಬ್ಳೇ ಇಲ್ಲ."

ಕುಸುಮಾ ಕೈ ತೊಳೆಯದೆ ಓಡಿದಳು. ಪಟ್ಟಿಯ ಕೊನೆಯಲ್ಲಿ ಬೇರೆ ಒಂದು ಹಾಳೆ ಇತ್ತು, ಕೈಬಿಟ್ಟ ಹೆಸರುಗಳದ್ದು. ಅದರಲ್ಲಿ ಮೂರನೆಯದು ಅವಳದೇ. ಗಂಡನ ಹೆಸರು ಸರಿ, ಮನೆ ನಂಬರು ಸರಿ, ವಯಸ್ಸು ಮೂವತ್ತೊಂದು, ಅದೂ ಸರಿ. ಎದುರಿಗೆ ಕಾರಣ: ಖಾಯಂ ಸ್ಥಳಾಂತರ.

ಬೇರೆ ವರ್ಷವಾಗಿದ್ದರೆ ಅವಳೂ ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ. ಈ ಸಲದ ಪಂಚಾಯತಿ ಚುನಾವಣೆಗೆ ಅವರ ವಾರ್ಡು ಹೆಂಗಸರಿಗೆ ಮೀಸಲಾಗಿತ್ತು. ಕೇಣಿ ಊರಿನ ಅವರ ಕೇರಿಯ ಹೆಂಗಸರು ಮೀನು ಒಣಗಿಸುವುದು ರಸ್ತೆಯ ಅಂಚಿನಲ್ಲಿ. ಟೆಂಪೋ ಹೋದರೆ ಧೂಳು, ಕಣ್ಣು ತಪ್ಪಿದರೆ ನಾಯಿ. ಒಂದು ಸಿಮೆಂಟಿನ ಕಣ ಮಾಡಿಸಿಕೊಡಿ ಎಂದು ಮೆಂಬರು ದೇವಾನಂದನ ಹತ್ತಿರ ನಾಲ್ಕು ವರ್ಷ ಕೇಳಿದ್ದರು. "ನೋಡ್ವಾ" ಎಂದು ಅವನು ನಾಲ್ಕೂ ವರ್ಷ ಹೇಳಿದ್ದ. ಈಗ ತನಗೆ ನಿಲ್ಲಲು ಬರುವುದಿಲ್ಲವೆಂದು ಹೆಂಡತಿಯನ್ನು ನಿಲ್ಲಿಸುತ್ತಾನಂತೆ. ಆ ಸುದ್ದಿ ಬಂದ ದಿನವೇ ಸ್ವಸಹಾಯ ಸಂಘದ ಹೆಂಗಸರು ಕುಸುಮಾಳ ಅಂಗಳದಲ್ಲಿ ಕೂತು ಚಾ ಕುಡಿದು, ನೀನೇ ನಿಲ್ಲು ಎಂದು ಹೇಳಿ ಎದ್ದಿದ್ದರು. ನಿಲ್ಲಬೇಕಾದರೆ ಮೊದಲು ವಾರ್ಡಿನ ಪಟ್ಟಿಯಲ್ಲಿ ಹೆಸರಿರಬೇಕು.

ಹೊಸ ಪಟ್ಟಿಗೆಂದು ಮನೆಮನೆಗೆ ಫಾರ್ಮು ಹಂಚಿದವಳು ಅಂಗನವಾಡಿ ಟೀಚರ್ ಚೈತ್ರಾ. ಕುಸುಮಾ ಸೀದಾ ಅಂಗನವಾಡಿಗೆ ಹೋದಳು. ಚೈತ್ರಾ ಮಕ್ಕಳಿಗೆ ಮೊಟ್ಟೆ ಸುಲಿಯುತ್ತ ಕೂತಿದ್ದಳು.

"ಟೀಚರೇ, ಐದು ಫಾರ್ಮೂ ನಾನೇ ತುಂಬ್ಸಿ ನಿಮ್ಮ ಕೈಲೇ ಕೊಟ್ಟಿದ್ದೆ."

"ಕೊಟ್ಟಿದ್ದೆ ಮಾರಾಯ್ತಿ. ನಾನೂ ಫೋನಲ್ಲಿ ಹಾಕಿದ್ದೆ. ನಿಂದು ಮಾತ್ರ ಹಿಂಗೆ ತಿರುಗಿ ಬಂತು."

"ಹಿಂಗೆ ಹೇಳಿದ್ರೆ ಹ್ಯಾಂಗೆ? ನಾ ಊರು ಬಿಟ್ಟೆ ಹೇಳಿ ಯಾರು ಹೇಳ್ದವ್ರು?"

"ಮನೆ ಮನುಷ್ಯರು ಯಾರೋ ಸಹಿ ಮಾಡಿ ಕೊಟ್ಟಿರ್ಬೇಕು. ಹೊರಗಿನವ್ರು ಮಾಡಿದ್ರೆ ಆಕ್ಷೇಪಣೆ ಹೇಳಿ ಬೇರೆ ಕಾಗ್ದ ಬತ್ತದೆ. ಅದು ಬರ್ಲಿಲ್ಲ."

"ಮನೆ ಮನುಷ್ಯರು ಯಾರು?"

"ನನ್ನ ಫೋನಲ್ಲಿ ಕಾಣೂದಿಲ್ಲ."

"ಕಾಣ್ತದೆ. ನೀವು ಹೇಳೂದಿಲ್ಲ."

ಚೈತ್ರಾ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟಳು. "ಕುಸುಮಾ, ಹದಿನೈದು ದಿನ ಬಿಸಿಲಲ್ಲಿ ಸುತ್ತಿದ್ದೆ ನಾನು. ಇಲ್ಲಿ ಮಕ್ಕಳು ಒದ್ದೆ ಚಡ್ಡಿಲಿ ಕೂತಿದ್ವು. ನನ್ನ ಮೇಲೆ ಹೇಳಬ್ಯಾಡ. ವಿಚಾರಣೆಗೆ ನೋಟೀಸು ಬತ್ತದೆ, ಅಲ್ಲಿ ಕೇಳು."

ಮನೆ ಮನುಷ್ಯರು. ಈ ಎರಡು ಮಾತನ್ನು ಕುಸುಮಾ ಮನೆಗೆ ತಂದಳು, ಅಲ್ಲಿಂದ ಶುರುವಾಯಿತು.

ಮಧ್ಯಾಹ್ನ ನಿತೇಶ ಊಟಕ್ಕೆ ಬಂದ. ಇಪ್ಪತ್ತಾರರ ಹುಡುಗ, ದೇವಾನಂದನ ಬರ್ಫದ ಟೆಂಪೋ ಓಡಿಸುತ್ತಿದ್ದ. ಕುಸುಮಾ ಅವನ ತಟ್ಟೆಗೆ ಅನ್ನ ಹಾಕಿ, ಸಾರಿನ ಸೌಟು ಕೈಯಲ್ಲೇ ಹಿಡಿದು ನಿಂತಳು.

"ನಿತೇಶಾ, ನಿಮ್ಮ ಸಾವ್ಕಾರ್ರು ಏನಂತರು?"

"ಯಾವ ವಿಚಾರ ವೈನಿ?"

"ಅವ್ರ ಹೆಂಡ್ತಿ ಎದುರಿಗೆ ಯಾರೂ ಇರೂದಿಲ್ಲ ಈಗ. ಖುಷಿಲಿ ಇರ್ಬೇಕಲ್ದಾ?"

"ನಂಗೆಂತ ಗೊತ್ತು?"

"ಫಾರ್ಮ್ ಇಟ್ಟಿದ್ದು ಆ ಮೇಜಿನ ಮೇಲೆ. ಎರಡು ದಿನ ಇತ್ತು. ನೀನೂ ಅಲ್ಲೇ ಕೂತು ಚಾ ಕುಡೀತೆ."

ನಿತೇಶ ತಲೆ ಎತ್ತಿದ. "ವೈನಿ, ನಾ ಅವ್ರ ಬರ್ಫ ಹೊರ್ತೆ. ಓಟು ಹೊರೂದಿಲ್ಲ. ಸಾರು ಹಾಕ್ತ್ಯಾ, ನಾ ಎದ್ದು ಹೋಗ್ಲಾ?"

ಸೋಮಿ ಒಲೆಯ ಹತ್ತಿರ ಕೂತಿದ್ದಳು. ಬುಟ್ಟಿ ಹೊತ್ತು ಅಂಕೋಲೆಯ ಬೀದಿ ಬೀದಿ ತಿರುಗಿ ಮೀನು ಮಾರಿದ ಹೆಂಗಸು, ಅವಳ ಗಂಟಲಿಗೆ ಇಡೀ ಕೇರಿ ಹೆದರುತ್ತಿತ್ತು. ಆದರೆ ಈಗ ಸಣ್ಣ ದನಿಯಲ್ಲೇ ಕೇಳಿದಳು.

"ಇವತ್ತು ಅವನ ಮೇಲೆ. ನಾಳೆ ನನ್ನ ಮೇಲೆ ಹೇಳ್ತ್ಯಾ?"

"ಟೀಚರ್ ಫಾರ್ಮ್ ಕೊಡೂಕೆ ಬಂದಾಗ ಮನೇಲಿ ಇದ್ದವ್ರು ನೀವೇ ಅಲ್ದಾ ಅತ್ತೆ? ಅವ್ರು ಎಂತ ಕೇಳಿದ್ರು, ನೀವು ಎಂತ ಹೇಳಿದ್ರಿ, ನಂಗೇನು ಗೊತ್ತು?"

ಬಾಳಾ ನಡುವೆ ಬಾಯಿ ಹಾಕಿದ. "ಉಪ್ಪು ಕಡ್ಮೆ ಆತು ಸಾರಿಗೆ."

"ಸುಮ್ನಿರಿ ನೀವು!" ಎಂದರು ಅತ್ತೆ ಸೊಸೆ ಇಬ್ಬರೂ. ಆ ವಾರ ಅವರಿಬ್ಬರೂ ಒಟ್ಟಿಗೆ ಹೇಳಿದ ಮಾತು ಅದೊಂದೇ.

ಮರುದಿನದಿಂದ ಸೋಮಿ ಹಿತ್ತಲಿನ ನೀರೊಲೆಯ ಮೇಲೆ ತನಗೂ ಗಂಡನಿಗೂ ಬೇರೆ ಗಂಜಿ ಬೇಯಿಸತೊಡಗಿದಳು. ಒಂದೇ ಮನೆಯಲ್ಲಿ ಎರಡು ಹೊಗೆ. ನಿತೇಶ ಟೆಂಪೋದಲ್ಲೇ ಅವಲಕ್ಕಿ ತಿಂದು ಹೊಟ್ಟೆ ತುಂಬಿಸಿಕೊಂಡ. ಬಾಳಾನಿಗೆ ಮಾತ್ರ ಲಾಭ. ಹಿತ್ತಲಲ್ಲಿ ಹೆಂಡತಿ ಕೊಟ್ಟ ಗಂಜಿ ಕುಡಿದು, ಒಳಗೆ ಬಂದು ಸೊಸೆಯ ಕೈಯಿಂದ ಒಂದು ತುಂಡು ಬಂಗಡೆ ತಿಂದು ಹೋಗುತ್ತಿದ್ದ.

ಕುಸುಮಾ ಈಗ ಮನೆಯಲ್ಲಿ ಎಲ್ಲವನ್ನೂ ನೋಡುತ್ತಿದ್ದಳು. ತನ್ನ ಆಧಾರು, ಪಾಸ್‌ಬುಕ್ಕು, ವೋಟರ್ ಕಾರ್ಡು ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಳು. ಬಟ್ಟೆ ಒಗೆಯುವಾಗ ನಿತೇಶನ ಅಂಗಿಯ ಜೇಬು ತಡವಿದಳು. ಬರ್ಫದ ಚೀಟಿ ಸಿಕ್ಕಿತು, ಅದನ್ನೂ ಎರಡು ಸಲ ಓದಿದಳು. ತಲೆ ಎತ್ತಿದರೆ ಸೋಮಿ ಬಾವಿಕಟ್ಟೆಯಲ್ಲಿ ಕೊಡ ಹಿಡಿದು ನಿಂತಿದ್ದಾಳೆ.

"ನನ್ನ ಸೆರಗಿನ ಗಂಟೂ ಬಿಚ್ಚಿ ನೋಡು, ಬಾ," ಎಂದಳು ಸೋಮಿ.

ಮಂಗೇಶ ಬೋಟಿನಿಂದ ಬಂದದ್ದು ಒಂಬತ್ತು ದಿನದ ಮೇಲೆ. ಬಂದವನಿಗೆ ಎರಡು ಒಲೆ ಕಂಡು ತಲೆ ಬಿಸಿಯಾಯಿತು.

"ಒಂದು ಹೆಸ್ರಿಗೆ ಇಷ್ಟಾ? ಹೆಸ್ರಿಲ್ದಿದ್ರೆ ಗಂಜಿ ಇಳಿಯೂದಿಲ್ವಾ ನಿಂಗೆ?"

"ನಿಮ್ಮ ಹೆಸ್ರು ಉಂಟಲ್ಲ, ಅದ್ಕೇ ಇಳೀತದೆ."

"ಮುಂದಿನ ಸಲ ನಿಂತ್ರಾತು."

"ಮುಂದಿನ ಸಲ ವಾರ್ಡು ಯಾರಿಗೆ ಹೋತದೋ! ಒಂದ್ ಮಾತು ಕೇಳ್ತೆ, ಖರೆ ಹೇಳಿ. ನೀವಾ?"

ಮಂಗೇಶ ಹೆಗಲ ಚೀಲವನ್ನು ಕೆಳಗಿಟ್ಟ. "ನೀ ನಿಲ್ಲೂದು ನಂಗೆ ಬ್ಯಾಡಾಗಿತ್ತು. ನಿನ್ನ ಮುಖದ ಮೇಲೇ ಹೇಳ್ದೆ. ಕಾಗ್ದದಲ್ಲಿ ಆಟ ಆಡು ಬುದ್ಧಿ ನಂಗಿದ್ರೆ ನಾ ಎಂತಕ್ಕೆ ಬೋಟಿಗೆ ಹೋಗ್ತಿದ್ದೆ, ಹೇಳು?"

ಅದು ನಂಬುವ ಮಾತೇ. ಆದರೂ ಅವನು ಸ್ನಾನಕ್ಕೆ ಹೋದಾಗ ಕುಸುಮಾ ಅವನ ಚೀಲವನ್ನೂ ನೋಡಿದಳು.

ನೋಟೀಸು ಬಂತು. ಡಿಸೆಂಬರದ ಹದಿನೆಂಟಕ್ಕೆ ಅಂಕೋಲೆಯಲ್ಲಿ ವಿಚಾರಣೆ. ವಾಸದ ದಾಖಲೆ ತರಬೇಕು, ಜೊತೆಗೆ ಹಳೆಯ ಪಟ್ಟಿಯಲ್ಲಿ ತಂದೆಯದೋ ತಾಯಿಯದೋ ಹೆಸರಿದ್ದ ಪುಟ ತರಬೇಕು. ತಂದೆ ಅಶೋಕ ತೀರಿಹೋಗಿ ಹನ್ನೊಂದು ವರ್ಷ. ತಾಯಿ ಹೊನ್ನಿ ಕಾಳಿ ನದಿಯಾಚೆ ಚಿತ್ತಾಕುಲದಲ್ಲಿ ಒಬ್ಬಳೇ ಇದ್ದಳು. ಕುಸುಮಾ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೋಗಿ, ಅಲ್ಲಿಂದ ಸೇತುವೆ ದಾಟುವ ಟೆಂಪೋ ಹಿಡಿದಳು.

ಹಳೆಯ ಪಟ್ಟಿ ಎಲ್ಲಿ ಸಿಗುತ್ತದೆ ಎಂದು ಕೇಳಲು ಅಲ್ಲಿಯ ಮತಗಟ್ಟೆಯ ಶಾಲೆಗೆ ಹೋದಳು. ಅಲ್ಲೂ ಗೋಡೆಗೆ ಹೊಸ ಪಟ್ಟಿ ಅಂಟಿಸಿದ್ದರು. ಆಯಿಯ ಹೆಸರಾದರೂ ಇದೆಯೋ ನೋಡುವ ಎಂದು ಹತ್ತಿರ ಹೋದಳು. ಇತ್ತು. ಹೊನ್ನಿ, ಗಂಡ ಅಶೋಕ, ಅರವತ್ತೊಂದು. ಅದರ ಕೆಳಗೆ: ಕುಸುಮಾ, ತಂದೆ ಅಶೋಕ, ಮೂವತ್ತೊಂದು.

ತನ್ನದೇ ಹೆಸರನ್ನು ಅವಳು ಯಾರದೋ ಹೆಸರಿನ ಹಾಗೆ ಓದಿದಳು. ಮದುವೆಗೆ ಮುಂಚೆ ಇಲ್ಲಿ ಓಟು ಹಾಕಿದ್ದು ಹೌದು. ಕೇಣಿಗೆ ಬಂದ ಮೇಲೆ ಅಲ್ಲಿ ಹೊಸದಾಗಿ ಸೇರಿಸಿದ್ದರು. ಇಲ್ಲಿಯದನ್ನು ತೆಗೆಸಬೇಕೆಂದು ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಹೊನ್ನಿ ಮಗಳನ್ನು ಕಂಡು ಹಿಗ್ಗಿದಳು. ಹೊಳೆಯ ಚಿಪ್ಪುಮೀನು, ಬೆಳಚು ತಂದಿದ್ದಳು, ಕಾಯಿ ಅರೆದು ಸುಕ್ಕ ಮಾಡಿದ್ದಳು. ತಟ್ಟೆ ತುಂಬ ಅನ್ನ ಹಾಕಿದಳು.

"ಮೊದ್ಲು ಉಣ್ಣು ಮಗಾ. ಸೊರಗಿದ್ದೆ ನೀನು. ಅಲ್ಲಿ ಎಂತ ಹಾಕ್ತರು ನಿಂಗೆ?"

"ಆಯಿ, ಇಲ್ಲಿಯ ಪಟ್ಟಿಲಿ ನನ್ನ ಹೆಸ್ರು ಹ್ಯಾಂಗೆ ಉಳೀತು?"

"ಉಳಿಯೂದೆಂತ? ಇಲ್ಲೇ ಬೆಳೆದವ್ಳಲ್ದಾ ನೀನು?"

"ಹೊಸ ಫಾರ್ಮ್ ಬಂದಿತ್ತಾ?"

"ಬಂತು. ಎರಡು ಬಂತು, ನಂದೊಂದು, ನಿಂದೊಂದು. ಎರಡಕ್ಕೂ ಹೆಬ್ಬೆಟ್ಟು ಒತ್ತಿದೆ. ಮಗ್ಳು ಎಲ್ಲಿ ಕೇಳಿದ್ರು. ಇಲ್ಲೇ ಇರ್ತದೆ, ಪೇಟೆಗೆ ಹೋಗಿದೆ ಅಂದೆ."

ಕುಸುಮಾ ತಟ್ಟೆಯನ್ನು ಬದಿಗೆ ಸರಿಸಿದಳು. "ಎಂತಕ್ಕೆ ಹಾಂಗೆ ಹೇಳ್ದೆ ಆಯಿ?"

"ಪಟ್ಟಿಲಿ ಹೆಸ್ರು ಹೋದ್ರೆ ರೇಶನ್ನಿಂದೂ ಹೋತದೆ ಹೇಳಿ ಇಲ್ಲಿ ಎಲ್ಲರೂ ಅಂತರು. ನನ್ನ ಕಾರ್ಡಲ್ಲಿ ಇರೂದು ಇಬ್ರು. ನಿಂದೂ ಹೋದ್ರೆ ಮತ್ತೆ ಅರ್ಧ ಅಕ್ಕಿ. ಮೊದ್ಲು ಒಂದ್ಸಲ ನೆಲ ಬೇಕು ಹೇಳಿ ಸರ್ಕಾರದವ್ರು ಊರು ಎಬ್ಬಿಸಿದಾಗ ಒಂದು ಕಾಗ್ದಕ್ಕೆ ನಿನ್ನ ಅಪ್ಪ ಎಷ್ಟು ಸುತ್ತಿದ, ನೀ ನೋಡ್ಲಿಲ್ವಾ? ಬಂದ ಕಾಗ್ದಕ್ಕೆ ಹೆಬ್ಬೆಟ್ಟು ಒತ್ತಿ ಇಡೂದು ನಾನು, ಬ್ಯಾಡ ಹೇಳೂದಿಲ್ಲ."

ಅಕ್ಕಿಯ ಆ ಮಾತಿಗೆ ಕುಸುಮಾ ಎದುರಾಡುವ ಹಾಗಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಆಯಿಯ ಕಾರ್ಡಿನಲ್ಲಿ ನನ್ನ ಹೆಸರು ಇರಲಿ, ತೆಗೆಸಬೇಡ ಎಂದು ಹೇಳಿದವಳು ಅವಳೇ. ಕೇಣಿಯಲ್ಲಿ ಸೋಮಿ ಕೇಳಿದಾಗೆಲ್ಲ, ಹೆಸರನ್ನು ಇಲ್ಲಿಯ ಕಾರ್ಡಿಗೆ ವರ್ಗ ಮಾಡಲು ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ ಎನ್ನುತ್ತಿದ್ದವಳೂ ಅವಳೇ. ಈ ಊರಿನ ಹೆಣ್ಣುಮಕ್ಕಳು ಬಹಳ ಜನ ಹಾಗೇ ಮಾಡುತ್ತಾರೆ; ತವರಿಗೆ ಬೇರೆ ಏನೂ ಕೊಡಲು ಆಗದಿದ್ದರೂ ಹೆಸರನ್ನು ಬಿಟ್ಟು ಬಂದಿರುತ್ತಾರೆ.

"ನಾ ಅಲ್ಲಿ ಪಂಚಾಯತಿಗೆ ನಿಲ್ಲೂದಿತ್ತು ಆಯಿ."

"ಅದನ್ನ ನಂಗೆ ಯಾರು ಹೇಳ್ದವ್ರು?" ಎಂದಳು ಹೊನ್ನಿ. ಯಾರೂ ಹೇಳಿರಲಿಲ್ಲ. ಕೇಣಿಯ ಇಡೀ ಕೇರಿಗೆ ಗೊತ್ತಿದ್ದ ಮಾತು ತಾಯಿಯೊಬ್ಬಳಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕುಸುಮಾ ಹಿತ್ತಲಿಗೆ ಹೋಗಿ ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿದಳು. ಸೋಮಿ ಒಲೆಗೆ ಸೋಗೆ ದೂಡುತ್ತ ಕೇಳಿದಳು.

"ಹಾಂಗಾರೆ ನಿತೇಶ ಅಲ್ಲ."

"ಅಲ್ಲ."

"ನಾನೂ ಅಲ್ಲ."

"ಅಲ್ಲ ಅತ್ತೆ. ತಪ್ಪಾತು."

"ತಪ್ಪು ಅಲ್ಲಿರ್ಲಿ. ರೇಶನ್ ಕಾರ್ಡಿಗೆ ಅರ್ಜಿ ಹಾಕಿದ್ದೆ ಅಂದಿದ್ದೆ ನೀನು."

"ಹಾಕ್ಲಿಲ್ಲ."

"ಒಂಬತ್ತು ವರ್ಷ?"

ಕುಸುಮಾ ತಾನೂ ಒಂದು ಸೋಗೆ ಎತ್ತಿ ಒಲೆಗೆ ದೂಡಿದಳು.

"ನಾ ಒಂಬತ್ತು ವರ್ಷ ಆ ರೇಶನ್ ಅಂಗಡಿವ್ನಿಗೆ ಬಯ್ದೆ," ಎಂದಳು ಸೋಮಿ. "ಪಾಪದವ. ಇನ್ನೂ ಎಂತೆಂತ ಉಂಟು ನಿನ್ನ ಅಕ್ಕಿ ಡಬ್ಬಿಲಿ?"

ಹಿತ್ತಲಿನ ಒಲೆ ಅವತ್ತೂ ಉರಿಯಿತು, ಮರುದಿನವೂ ಉರಿಯಿತು.

ವಿಚಾರಣೆಯ ದಿನ ನಿತೇಶನೇ ಟೆಂಪೋದಲ್ಲಿ ಬಿಟ್ಟ. ಕರೆಯದಿದ್ದರೂ ಸೋಮಿ ಹತ್ತಿ ಕೂತಿದ್ದಳು. ದಾರಿಯಲ್ಲಿ ನಿತೇಶ ಹೇಳಿದ, "ವೈನಿ, ನಂಗೆ ಗೊತ್ತಿಲ್ದೇ ಹೆಬ್ಬೆಟ್ಟು ಒತ್ತಿದ್ದು ಹೇಳು. ಆತು, ಮುಗೀತು. ಯಾರು ಒತ್ತಿದ್ರೋ ಅವ್ರ ತಲೆ ಮೇಲೆ ಹೋಗ್ಲಿ."

"ಅವ್ರು ನನ್ನ ಆಯಿ."

"ಅದ್ಕೇ ಹೇಳ್ದೆ. ಆಯಿ ಆದ್ರೆ ಸಿಟ್ಟು ಮಾಡೂದಿಲ್ಲ."

ಅಧಿಕಾರಿ ಮಾತಿಗೆ ಒಳ್ಳೆಯವರು. ಕುಸುಮಾಳನ್ನು ಕೂರಿಸಿ, ಎರಡೂ ಫಾರ್ಮನ್ನು ಕಂಪ್ಯೂಟರಿನಲ್ಲಿ ತೋರಿಸಿದರು.

"ನೋಡಮ್ಮ, ಚಿತ್ತಾಕುಲದ್ದು ಮೊದಲು ಬಂದಿದೆ. ಆದ್ದರಿಂದ ಕೇಣಿಯದು ಸ್ಥಳಾಂತರ ಅಂತಾಯಿತು. ಇಲ್ಲಿರುವುದು ನಿಮ್ಮ ಸಹಿ. ಅಲ್ಲಿರುವ ಹೆಬ್ಬೆಟ್ಟು ಯಾರದು?"

"ನನ್ನ ತಾಯಿದು."

"ನಿಮ್ಮ ಗಮನಕ್ಕೆ ತಂದು ಹಾಕಿದ್ದೋ, ತರದೆಯೋ? ತರದೆ ಹಾಕಿದ್ದರೆ ಅದು ಸುಳ್ಳು ಘೋಷಣೆ. ಅವರಿಗೆ ನೋಟೀಸು ಹೋಗುತ್ತದೆ, ಅವರು ಬಂದು ಉತ್ತರ ಕೊಡಬೇಕು. ನಿಮ್ಮ ಹೆಸರು ಇಲ್ಲಿ ಇವತ್ತೇ ಉಳಿಯುತ್ತದೆ."

"ಗೊತ್ತಿದ್ದೇ ಹಾಕಿದ್ದು ಹೇಳಾದ್ರೆ?"

"ಆಗ ತಪ್ಪು ನಿಮ್ಮದಾಗುತ್ತದೆ. ಎಚ್ಚರಿಕೆ ಬರೆದುಕೊಂಡು ಬಿಡುತ್ತೇನೆ. ಆದರೆ ಮೊದಲು ಅಲ್ಲಿಯದು ತೆಗೆಸಬೇಕು, ಆಮೇಲೆ ಇಲ್ಲಿ ಹೊಸ ಅರ್ಜಿ. ಪಂಚಾಯತಿಗೆ ಪಟ್ಟಿ ತೆಗೆದುಕೊಳ್ಳುವುದು ಜನವರಿ ಐದಕ್ಕೆ. ಅಷ್ಟರೊಳಗೆ ಆಗುವುದಿಲ್ಲ, ಸುಳ್ಳು ಹೇಳುವುದಿಲ್ಲ ನಾನು."

ಕುಸುಮಾ ಹಿಂದೆ ತಿರುಗಿ ನೋಡಿದಳು. ಬಾಗಿಲ ಬಳಿಯ ಬೆಂಚಿನಲ್ಲಿ ಸೋಮಿ ಕೂತಿದ್ದಳು. ಬುಟ್ಟಿಯಲ್ಲಿದ್ದ ಮೀನನ್ನು ಗಿರಾಕಿ ಆರಿಸುವಾಗ ನೋಡುವ ಹಾಗೆ ನೋಡುತ್ತಿದ್ದಳು.

"ನಂಗೆ ಗೊತ್ತಿದ್ದೇ ಹಾಕಿದ್ದು ಸರ್," ಎಂದಳು ಕುಸುಮಾ.

ಹೊರಗೆ ಬಂದ ಮೇಲೆ ನಿತೇಶ ಸ್ಟೀರಿಂಗಿಗೆ ಕೈ ಬಡಿದ. "ಬಂಗಾರದಂಥ ಸೀಟು ಬಿಟ್ಟೆ ವೈನಿ."

"ಗಾಡಿ ಬಿಡು," ಎಂದಳು ಸೋಮಿ.

ಅವತ್ತು ಮಧ್ಯಾಹ್ನ ಹಿತ್ತಲಿನ ಒಲೆ ಉರಿಯಲಿಲ್ಲ. ಒಣಸಿಗಡಿ ಚಟ್ನಿಗೆ ಸೋಮಿಯೇ ಕಾಯಿ ತುರಿದಳು.

"ನಾಕು ವರ್ಷ ಕಣ ಕೇಳಿ ಈಗ ಅವನ ಹೆಂಡ್ತಿಗೆ ಸೀಟು ಕೊಟ್ಟು ಕೂರೂದಾ?" ಎಂದು ಸಂಘದ ಹೆಂಗಸರು ಬಂದು ಕೂತರು. ಯಾರು ನಿಲ್ಲುವುದು ಎಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳ ಗಂಡ ದೇವಾನಂದನ ಬೋಟಿನಲ್ಲಿದ್ದ. ಇನ್ನೊಬ್ಬಳ ಮಗ ಅವನ ಅಂಗಡಿಯಲ್ಲಿದ್ದ. ಕಡೆಗೆ ಕುಸುಮಾಳೇ ಹೇಳಿದಳು, "ಅತ್ತೆ ನಿಲ್ಲಲಿ."

"ನಾನಾ?" ಎಂದಳು ಸೋಮಿ. "ತಿಂಗ್ಳಿಂದ ಕಳ್ಳಿ ಹೇಳಿ ನೋಡ್ತಿದ್ದವ್ಳು ನೀನು."

"ಈಗ ನೋಡೂದಿಲ್ಲ."

"ನಿತೇಶನ ಕೆಲ್ಸ ಹೋದ್ರೆ?"

"ಹೋದ್ರೆ ಹೋಗ್ಲಿ ಆಯಿ," ಎಂದ ನಿತೇಶ ಒಳಗಿನಿಂದ. "ಟೆಂಪೋ ಅವನೊಬ್ನ ಹತ್ರ ಇರೂದಾ?"

ಬಾಳಾ ನಕ್ಕುಬಿಟ್ಟ. "ಇವ್ಳು ಗೆದ್ರೆ ಪಂಚಾಯತಿ ಹೆಂಚು ಹಾರ್ತದೆ."

ಸೋಮಿ ಒಪ್ಪಿದಳು. ಒಪ್ಪಿದ್ದು ಸ್ವಲ್ಪ ಬೇಗವೇ ಆಯಿತು ಎಂದು ಕುಸುಮಾಳಿಗೆ ಅನ್ನಿಸದೆ ಇರಲಿಲ್ಲ. ಎರಡು ದಿನದ ಮೇಲೆ ದೇವಾನಂದ ಬಂದು ಜಗಲಿಯಲ್ಲಿ ಕೂತು, ಸೋಮಿಯ ಹತ್ತಿರ ಅರ್ಧ ಗಂಟೆ ಮಾತಾಡಿ ಹೋದಾಗ ಇನ್ನೂ ಅನ್ನಿಸಿತು.

"ಎಂತ ಅಂದ ಅತ್ತೆ?"

"ಚಾ ಚಲೋ ಆಗಿದೆ ಅಂದ."

"ಅರ್ಧ ತಾಸು ಅದೇ ಅಂದ್ನಾ?"

"ಎರಡು ಲೋಟ ಕುಡ್ದ," ಎಂದು ಸೋಮಿ ಲೋಟ ತೊಳೆಯಲು ಹೋದಳು.

ನಾಮಪತ್ರವನ್ನು ಕುಸುಮಾ ಅಂಗಳದಲ್ಲಿ ಕೂತು ಒಂದೂ ಗೀಚು ಇಲ್ಲದ ಹಾಗೆ ತುಂಬಿಸಿದಳು. ಕೊಡುವ ದಿನ ಪಂಚಾಯತಿಯ ಸಣ್ಣ ಕೋಣೆಯಲ್ಲಿ ಜನ ಕಿಕ್ಕಿರಿದಿದ್ದರು. ಮೇಜಿನ ಹಿಂದಿದ್ದ ಚುನಾವಣಾಧಿಕಾರಿ ಹಾಳೆ ತಿರುವಿದರು.

"ಇದನ್ನು ತುಂಬಿಸಿದ್ದು ಯಾರು? ಚೊಕ್ಕ ಇದೆ. ಸೂಚಕರು ಸಹಿ ಮಾಡಿಲ್ಲವಲ್ಲ, ಯಾರು ಸೂಚಕರು?"

"ನಾನು ಸರ್." ಕುಸುಮಾ ಪೆನ್ನು ತೆಗೆದು ಬಾಗಿದಳು.

"ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ?"

ಪೆನ್ನು ಹಾಳೆಯ ಮೇಲೆಯೇ ನಿಂತಿತು. "ನಂದಿಲ್ಲ."

"ಹಾಗಾದರೆ ನಿಮ್ಮ ಸಹಿ ನಡೆಯುವುದಿಲ್ಲ. ಸೂಚಿಸುವವರೂ ಈ ವಾರ್ಡಿನ ಮತದಾರರೇ ಆಗಬೇಕು. ಸಂಬಂಧ ಇಲ್ಲದವರು ಸ್ವಲ್ಪ ಹೊರಗೆ ನಿಲ್ಲಿ, ಗಾಳಿಯಾಡಲಿ."

ಕುಸುಮಾ ಪೆನ್ನನ್ನು ನಿತೇಶನ ಕೈಗೆ ಕೊಟ್ಟು ಹೊರಗೆ ಹೋಗಿ ಕಿಟಕಿಯ ಹತ್ತಿರ ನಿಂತಳು. ನಿತೇಶ ಸಹಿ ಮಾಡಿದ. ಕ್ರಮಸಂಖ್ಯೆ ಕೇಳಿದರೆ ತಲೆ ಕೆರೆದುಕೊಂಡ.

"ನಾನೂರ ಹನ್ನೆರಡು," ಎಂದಳು ಕುಸುಮಾ ಕಿಟಕಿಯಿಂದ.

"ಅಭ್ಯರ್ಥಿಯದು?"

"ನಾನೂರ ಹತ್ತು."

ಅಧಿಕಾರಿ ಕಿಟಕಿಯತ್ತ ಒಮ್ಮೆ ನೋಡಿ, ಬರೆದುಕೊಂಡರು.

ಹೊರಗೆ ಬಂದ ಸೋಮಿ ಸೆರಗು ಸರಿಮಾಡಿಕೊಂಡು ನಾಲ್ಕು ಹೆಜ್ಜೆ ನಡೆದು ನಿಂತಳು. "ಕುಸ್ಮಾ, ನಾ ಗೆದ್ದೆ ಹೇಳಾದ್ರೆ ನೀ ಹೇಳ್ದಾಂಗೇ ಕುಣೀತೆ ಹೇಳಿ ತಿಳ್ಕಂಡ್ಯಾ?"

"ಇಲ್ಲ ಅತ್ತೆ."

"ಹಾಂ. ತಿಳ್ಕಬ್ಯಾಡ."

ಅತ್ತೆ ನಗುತ್ತಿದ್ದಾಳೋ ಇಲ್ಲವೋ ಎಂದು ನೋಡಲು ಕುಸುಮಾ ಮುಖ ತಿರುಗಿಸುವಷ್ಟರಲ್ಲಿ ಸೋಮಿ ಮುಂದೆ ಹೋಗಿ, ಎದುರಿಗೆ ಬಂದ ಹೆಂಗಸೊಬ್ಬಳಿಗೆ ಕೈಮುಗಿದು ನಿಂತಾಗಿತ್ತು.

"ನೆನಪಿಡು ಹಾಂ, ನಾ ನಿಂತಿದ್ದೆ. ನಿಮ್ಮನೆ ಓಟು ಎಷ್ಟು?"

"ಆರು ಸೋಮಕ್ಕ. ನಿಮ್ಮನೆದು?"

"ನಾವು ಐದ್ ಜನ," ಎಂದಳು ಸೋಮಿ. "ಓಟು ನಾಕು."